ಸೂಪರ್ ಹೀರೋಗೆ ಅಮ್ಮ ಇದ್ದರೆ

ಬನಶಂಕರಿಯ ನಮ್ಮ ಮನೆ ಮಹಡಿಯಲ್ಲಿ ಪ್ರತಿ ಶನಿವಾರ ಮಕ್ಕಳಿಗೆ ಕಾಮಿಕ್ಸ್ ಬರೆಯುವುದನ್ನು ಹೇಳಿಕೊಡುತ್ತೇನೆ. ಹದಿಹರೆಯದ ಸೂಪರ್ ಹೀರೋಗಳ ಕಥೆಗೆ ಕೆಲವು ಕಟ್ಟುಪಾಡುಗಳಿವೆ. ಅಪ್ಪ ಅಮ್ಮ ಇರಬಾರದು, ಮುಖವಾಡ ಹಾಕಿದರೆ ಯಾರಿಗೂ ಗುರುತು ಸಿಗಬಾರದು, ವಿದ್ಯೆ ಕಲಿಸಿದ ಗುರು ಹೆಚ್ಚು ದಿನ ಬಾಳಬಾರದು. ಬೇರೆ ಊರಲ್ಲಿ ಇವೆಲ್ಲ ನಡೆಯುತ್ತವೇನೋ. ನಮ್ಮ ಏರಿಯಾದಲ್ಲಿ ವಾರಕ್ಕೊಂದು ಮುರಿದು ಬೀಳುತ್ತದೆ.

ಮೊದಲ ಪುಟದಲ್ಲೇ ಹಾರ

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ನಾವು ಮಾಡುವ ಕಾಮಿಕ್ಸ್ ಪ್ರದರ್ಶನದಲ್ಲಿ ತನ್ನ ಕಾಮಿಕ್ಸನ್ನು ಗೋಡೆ ಮೇಲೆ ನೋಡಬೇಕೆಂಬ ಒಂದೇ ಹಂಬಲ. ಮೊದಲ ಪುಟದಲ್ಲೇ ನಾಯಕಿಯ ಅಪ್ಪ ಅಮ್ಮನ ಫೋಟೋ, ಅದಕ್ಕೊಂದು ಹಾರ. ಬರೆದಿದ್ದು ತನ್ನ ಸ್ವಂತ ಅಪ್ಪ ಅಮ್ಮನನ್ನೇ, ಮೂಗುಬೊಟ್ಟಿನ ಸಮೇತ.

ಅವಳ ಅಮ್ಮ ಆ ಪುಟ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಮೇಡಂ, ನಾನು ಹೋಗಿದ್ದು ಯಾವಾಗ?"

"ಕಥೆಗೆ ಬೇಕಾಗತ್ತೆ ಮೇಡಂ," ಎಂದೆ.

"ನಾವಿದ್ರೆ ಕಥೆಗೇನು ತೊಂದ್ರೆ?"

ಮಗಳೇ ಉತ್ತರ ಕೊಟ್ಟಳು. "ನೀನಿದ್ರೆ ಅವಳನ್ನ ಏಳು ಗಂಟೆ ಮೇಲೆ ಆಚೆ ಬಿಡ್ತೀಯಾಮ್ಮ?"

"ಇಲ್ಲ."

"ಅದಕ್ಕೇ."

ತಾವು ಕಥೆಯಲ್ಲಿ ಬದುಕದಿದ್ದರೆ ಕ್ಲಾಸೂ ಇಲ್ಲ, ಪ್ರದರ್ಶನವೂ ಇಲ್ಲ ಎಂದು ಹೇಳಿ ಅಮ್ಮ ಇಳಿದು ಹೋದರು.

ಮುಖವಾಡದ ಪರೀಕ್ಷೆ

ಕಣ್ಣಿಗೊಂದು ಪಟ್ಟಿ ಕಟ್ಟಿದ ಮಾತ್ರಕ್ಕೆ ಗುರುತು ಸಿಗಲ್ವಾ ಎಂದು ನಾನು ಕೇಳಿದ್ದೇ ತಪ್ಪಾಯಿತು. ಹುಡುಗಿ ಕಪ್ಪು ಮುಖವಾಡ ಕಟ್ಟಿಕೊಂಡು ಬೀದಿಗೆ ಇಳಿದೇಬಿಟ್ಟಳು. ಹೂವಿನ ಅಕ್ಕ ಮೊಳ ಹಾಕುತ್ತಲೇ, "ಏನ್ ಪುಟ್ಟಿ, ಮದ್ರಾಸ್ ಐ ಬಂತಾ?" ಎಂದರು. ಇಸ್ತ್ರಿ ಅಂಕಲ್, "ಅಪ್ಪನ ಶರ್ಟ್ ರೆಡಿ ಇದೆ, ತಗೊಂಡ್ಹೋಗು," ಎಂದು ಗಂಟು ಕೈಗಿತ್ತರು. ಅವಳು ಮನೆ ಮುಟ್ಟುವಷ್ಟರಲ್ಲಿ ಅಮ್ಮ ಕಣ್ಣಿನ ಡ್ರಾಪ್ಸ್ ಹಿಡಿದು ಗೇಟಿನಲ್ಲೇ ನಿಂತಿದ್ದರು.

ಅಮ್ಮನ ತೀರ್ಪು

ಪ್ರದರ್ಶನದ ದಿನದವರೆಗೂ ಹುಡುಗಿ ತಿದ್ದಿ ಬರೆದ ಪುಟಗಳನ್ನು ಯಾರಿಗೂ ತೋರಿಸಲಿಲ್ಲ. ಅಮ್ಮ ಗೋಡೆ ಮುಂದೆ ನಿಂತು ಓದತೊಡಗಿದಾಗ ಅವಳಿಗಿಂತ ನನಗೇ ಹೆಚ್ಚು ಭಯ.

ಕಥೆಯಲ್ಲಿ ಖಳನಾಯಕ ದಿನಾ ಜಾಮ್ ಆಗುವ ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿಗಳನ್ನೆಲ್ಲ ನಿಲ್ಲಿಸಿದ್ದಾನೆ. ಜನಕ್ಕೆ ವ್ಯತ್ಯಾಸವೇ ಗೊತ್ತಾಗಿಲ್ಲ. ನಾಯಕಿ ಹೊರಟಾಗ ಅವಳಮ್ಮ, "ಒಬ್ಳೇ ಬೇಡ, ನಾನೂ ಬರ್ತೀನಿ," ಎಂದು ಜೊತೆಗೇ ಹಾರುತ್ತಾರೆ. ಹೋಗಿ ಅವನನ್ನು, "ಯಾರ ಮಗನಪ್ಪ ನೀನು? ನಿಮ್ಮಮ್ಮನ ನಂಬರ್ ಕೊಡು," ಎಂದು ಕೇಳುತ್ತಾರೆ. ಅಷ್ಟಕ್ಕೇ ಅವನು ಶರಣಾಗುತ್ತಾನೆ.

"ನನ್ನನ್ನ ನೈಟೀಲೇ ಹಾರಿಸ್ಬೇಕಿತ್ತೇನೇ?" ಎಂದರು ಅಮ್ಮ.

"ಮೇಲೆ ವೇಲ್ ಹಾಕಿದ್ದೀನಲ್ಲಮ್ಮ. ಅದೇ ಸೂಪರ್ ಹೀರೋ ಡ್ರೆಸ್ಸು."

ಅಮ್ಮ ನಕ್ಕುಬಿಟ್ಟರು. ನನಗೂ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರ ಕಣ್ಣು ಮೊದಲ ಪುಟಕ್ಕೆ ಹೋಯಿತು.

"ಹಾರ ಹಾಕಿದ ಫೋಟೋ ಇನ್ನೂ ಇದ್ಯಲ್ಲೇ?"

"ರೂಲ್ಸ್ ಪ್ರಕಾರ ಯಾರಾದ್ರೂ ಒಬ್ರು ಹೋಗಿರ್ಲೇಬೇಕಮ್ಮ."

ನಾನು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ಫೋಟೋದಲ್ಲೂ ಅದೇ ಕನ್ನಡಕ, ಅದೇ ತುರುಬು, ಕಿವಿಗೆ ಸಿಕ್ಕಿಸಿದ ಅದೇ ಪೆನ್ಸಿಲ್.

ಅಮ್ಮ ನನ್ನ ಭುಜ ತಟ್ಟಿ ಸಮಾಧಾನ ಹೇಳಿದರು. "ಬೇಜಾರ್ ಮಾಡ್ಕೋಬೇಡಿ ಮೇಡಂ, ಫೋಟೋದಲ್ಲಿ ತುಂಬಾ ಲಕ್ಷಣವಾಗಿ ಬಂದಿದ್ದೀರಿ."