ಕುಡಿತ ಬಿಟ್ಟದ್ದಕ್ಕೆ ಬಾಟ್ಲಿ ಹರಕೆ

ನಮ್ಮ ಭಾವನಷ್ಟು ಧೈರ್ಯವಂತರು ಇಡೀ ಸೌದಿಯಲ್ಲಿ ಸಿಗಲಿಕ್ಕಿಲ್ಲ. ಹೆಂಡದಂಗಡಿಯೇ ಕಾಣದ ಊರಿನಲ್ಲಿ ನಿಂತು "ನಾನು ಕುಡಿತ ಬಿಟ್ಟಿದ್ದೇನೆ" ಎಂದು ಎದೆಯುಬ್ಬಿಸಿ ಹೇಳುವುದೆಂದರೆ ಸಣ್ಣ ಮಾತೇ? ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಬೇಕೆಂದವನಿಗೆ ಇಲ್ಲಿಯೂ ಕದ್ದು ಕಾಸಿದ ಸಾರಾಯಿ ಸಿಗುತ್ತದೆ. ಭಾವನಿಗೆ ಅದು ವರ್ಷಗಟ್ಟಲೆ ಸಿಕ್ಕಿತ್ತು ಎಂಬುದು ನನಗೂ ಊರಿನಲ್ಲಿರುವ ನನ್ನ ಅಕ್ಕನಿಗೂ ಚೆನ್ನಾಗಿ ಗೊತ್ತು.

ಬಿಟ್ಟ ಮೇಲೆ ಥುಕ್ಬಾದ ನಮ್ಮಿಬ್ಬರ ಫ್ಲ್ಯಾಟಿನಲ್ಲಿ ಪೊಲೀಸ್ ರಾಜ್ಯ ಶುರುವಾಯಿತು! ಒಂದು ಬೆಳಿಗ್ಗೆ ಭಾವ ಪಾತ್ರೆಯ ಮುಚ್ಚಳ ತೆಗೆದವರೇ ಹೌಹಾರಿದರು.

"ಇದೆಂತ ಮಾರಾಯ, ಗುಳ್ಳೆ ಬರ್ತಾ ಉಂಟು!"

"ದೋಸೆ ಹಿಟ್ಟು, ಭಾವ."

"ಗೊತ್ತುಂಟು. ಎಲ್ಲವೂ ಶುರುವಾಗುವುದು ಗುಳ್ಳೆಯಿಂದಲೇ."

ಅಂದಿನಿಂದ ನಮಗೆ ನೀರುದೋಸೆಯೇ ಗತಿ. ಅದಕ್ಕೆ ಹುಳಿ ಬರುವ ಕೆಟ್ಟ ಚಾಳಿ ಇಲ್ಲವಲ್ಲ!

ಅಬ್ಕೈಕ್‌ನ ಅವರ ಆಫೀಸಿನಲ್ಲಿ ಮ್ಯಾನೇಜರ್ ಪ್ರೀತಿಯಿಂದ ಬಿಯರಿನಂತೆ ನೊರೆ ಬರುವ ತಣ್ಣನೆಯ ಮಾಲ್ಟ್ ಜ್ಯೂಸ್ ಕೊಟ್ಟರಂತೆ. ಭಾವ ಕುರ್ಚಿಯಿಂದಲೇ ಎದ್ದುಬಿಟ್ಟರು. "ಹಲಾಲ್, ಹಲಾಲ್!" ಎಂದು ಮ್ಯಾನೇಜರ್ ಸಮಾಧಾನ ಮಾಡಿದರೆ, "ಜ್ಯೂಸ್ ಹಲಾಲ್ ಇರಬಹುದು ಸರ್, ಬಣ್ಣ ಹರಾಮ್" ಎಂದರಂತೆ. ಸೌದಿಯವನಿಗೇ ಹಲಾಲ್ ಪಾಠ ಹೇಳಿದ ಮಹಾನುಭಾವರು!

ಇಷ್ಟೆಲ್ಲ ಗೆದ್ದವರು ಸೋತದ್ದು ಅಕ್ಕನ ಎದುರು. ಅವಳು ನಮ್ಮೂರಿನ ದೈವ ಕೊರಗಜ್ಜನಿಗೆ ಹರಕೆ ಹೊತ್ತಿದ್ದಳು: ಗಂಡ ಕುಡಿತ ಬಿಟ್ಟರೆ ಅವರ ಕೈಯಿಂದಲೇ ಅಜ್ಜನಿಗೆ ಚಕ್ಕುಲಿ, ಎಲೆಯಡಿಕೆ ಮತ್ತು ಒಂದು ಬಾಟ್ಲಿ ಇಡಿಸುತ್ತೇನೆ ಎಂದು! ಇಟ್ಟದ್ದನ್ನು ಆಮೇಲೆ ಬಂದವರಿಗೆಲ್ಲ ಪ್ರಸಾದವೆಂದು ಹಂಚುವುದು ಬೇರೆ.

"ನಿನ್ನ ಅಕ್ಕನಿಗೆ ಹಾಲು ಕುಡಿಯುವ ದೇವರು ಯಾರೂ ಸಿಗ್ಲಿಲ್ವಾ?" ಎಂದು ಭಾವ ತಲೆ ಚಚ್ಚಿಕೊಂಡರು.

ಅಲ್ಲಿಂದ ರಜೆ ಮುಂದೆ ಹೋಗತೊಡಗಿತು. ಒಮ್ಮೆ ಇಲ್ಲಿರುವ ಪರವಾನಗಿ ಇಕಾಮಾದ ನೆಪ, ಒಮ್ಮೆ ಸೊಂಟನೋವು. ಕೆಲಸಕ್ಕಿಟ್ಟುಕೊಂಡ ಧಣಿ, ಅಂದರೆ ಕಫೀಲ್, ರಜೆ ಕೊಡುವುದಿಲ್ಲವೆಂದು ಅಳುವವರನ್ನು ಕಂಡಿದ್ದೇನೆ. "ಯಲ್ಲಾ, ಒಮ್ಮೆ ಊರಿಗೆ ಹೋಗು ಮಾರಾಯ" ಎಂಬ ಅರ್ಥದಲ್ಲಿ ಕಫೀಲನೇ ಕೈಮುಗಿದದ್ದನ್ನು ನೋಡಿದ್ದು ಆಗಲೇ!

ಒಂದು ಶುಕ್ರವಾರ ನಾನು ಛೇಡಿಸಿದಾಗ ಭಾವ ನಗಲಿಲ್ಲ.

"ಇಲ್ಲಿ ಕಾನೂನಿನ ಹೆದರಿಕೆ ಉಂಟು, ಹೇಗೋ ನಡೀತದೆ. ಅಲ್ಲಿ ನನಗೆ ನನ್ನದೇ ಹೆದರಿಕೆ. ಪುನಃ ಶುರುವಾದ್ರೆ ಅವಳು ತಡ್ಕೊಳ್ಳುದಿಲ್ಲ."

ಮತ್ತೆ ನಾನು ಛೇಡಿಸಲಿಲ್ಲ. ಕೊನೆಗೆ ಅವರೇ ಟಿಕೆಟ್ ಮಾಡಿಸಿ ಹೊರಟರು. ಹರಕೆಯ ದಿನ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಸಂಜೆ ಅಕ್ಕನ ಫೋನ್ ಬಂತು.

ಅಜ್ಜನ ಕಟ್ಟೆಯ ಹತ್ತಿರ ಹೆಂಗಸರು ಹೋಗುವ ಕ್ರಮವಿಲ್ಲ, ಅವಳು ರಸ್ತೆಯ ಆಚೆಯೇ ನಿಂತಿದ್ದಳು. ಭಾವ ಕೈಯಾರೆ ಬಾಟ್ಲಿ ಇಟ್ಟರಂತೆ. ಪ್ರಸಾದದ ಲೋಟ ಎದುರಿಗೆ ಬಂದಾಗ ರಸ್ತೆಗೂ ಕೇಳುವ ಹಾಗೆ, "ಅಜ್ಜಾ, ನನ್ನ ಪಾಲೂ ನೀನೇ ಕುಡಿ. ನನ್ನದನ್ನೆಲ್ಲ ನಾನು ಮೊದಲೇ ಕುಡಿದು ಮುಗಿಸಿದ್ದೇನೆ!" ಎಂದರಂತೆ. ಕಟ್ಟೆಯ ಸುತ್ತ ನಗುವೋ ನಗು.

"ಅಲ್ಲಿಂದ ಸೀದಾ ನನ್ನ ಹತ್ರ ಬಂದ್ರು," ಎಂದಳು ಅಕ್ಕ. "ಮುಖದ ಎದುರು ಬಾಯಿ ತೆರೆದು, ಮೂಸಿ ನೋಡು ಅಂದ್ರು."

"ನೋಡಿದ್ಯಾ?"



"ಇಲ್ಲ ಮಾರಾಯ. ಬಾಯಿ ಮುಚ್ಚಿ, ಮನೆಗೆ ಹೋಗುವ ಅಂದೆ."