ಜರೀಗಿಡಕ್ಕೆ ಹಾಕಿಸಿದ ಪೆಂಡಾಲು

ಏನೂ ಮಾಡದೆ ಬೆಳೆಯುವ ಗಿಡವೊಂದಿದೆ ಎಂದು ಮೊಬೈಲ್‌ನಲ್ಲಿ ನೋಡಿದ ದಿನವೇ, ಅದು ನನಗಾಗಿಯೇ ಹುಟ್ಟಿದೆ ಎಂದು ಖಾತ್ರಿಯಾಯಿತು. ಜರೀಗಿಡ, ಅಂದರೆ ಫರ್ನ್! ಗೊಬ್ಬರ ಬೇಡ, ಕತ್ತರಿ ಬೇಡ, ವರ್ಷಗಟ್ಟಲೆ ಬದುಕುತ್ತದೆ. ನೆರಳೊಂದಿದ್ದರೆ ಸಾಕು.

ಕಲಬುರಗಿಯಿಂದ ಕುಂಡ ಸಮೇತ ತಂದು ಶಹಾಬಾದಿನ ನಮ್ಮ ಅಂಗಳದಲ್ಲಿಟ್ಟೆ. ಹೆಂಡತಿ ಮಹಾದೇವಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ನೆರಳ ಎಲ್ಲದರೀ?"

ಪ್ರಶ್ನೆ ನ್ಯಾಯವಾಗಿತ್ತು. ಅಂಗಳದಲ್ಲಿದ್ದ ಒಂದೇ ಬೇವಿನ ಮರವನ್ನು, ಎಲೆ ಗುಡಿಸುವ ಕಾಟ ತಪ್ಪಲೆಂದು ಹೋದ ದೀಪಾವಳಿಗೆ ನಾನೇ ಕಡಿಸಿದ್ದೆ.

"ಈ ಗಿಡ ಉಳಿದ್ರ ಅಂಗಳ ನಿಮ್ದು. ಸತ್ರ ಅರಿಬಿ ಒಗಿಯೋ ಕಲ್ಲ ಹಾಕಸ್ತೀನಿ. ಒಗಿಯೋರೂ ನೀವೇ!"

"ಆಗ್ಲಿ," ಎಂದೆ, ಭಾರೀ ಗಾಂಭೀರ್ಯದಿಂದ.

ಮೊದಲು ಕೊಡೆ ಕಟ್ಟಿದೆ. ಗಾಳಿಗೆ ಅದು ಓಣಿ ದಾಟಿ ಹೋಯಿತು. ಆಮೇಲೆ ಸುತ್ತಲೂ ನೆಲಕ್ಕೆ ಹಾಸುವ ಫರ್ಸಿ ಕಲ್ಲು ನಿಲ್ಲಿಸಿ, ಮೇಲೊಂದು ಹೊದಿಸಿದೆ. ನಮ್ಮೂರಲ್ಲಿ ಕಲ್ಲಿಗೇನು ಬರ? ಮಧ್ಯಾಹ್ನ ಮುಟ್ಟಿದರೆ ಕೈ ಸುಟ್ಟಿತು. ಒಳಗೆ ಗಿಡ ಅರ್ಧ ಬೆಂದಿತ್ತು. ಕೊನೆಗೆ ಕಲ್ಲು ತೆಗೆದು ಪೆಂಡಾಲಿನವರನ್ನೇ ಕರೆಸಿದೆ. ಕಂಬ ನೆಟ್ಟು ಬಿಳಿ ಬಟ್ಟೆ ಬಿಗಿದು ಹೋದರು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಶರಣಪ್ಪನವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ನನ್ನ ಕೈ ಹಿಡಿದರು.

"ಭಾಳ ಕೆಟ್ಟಾತು ನೋಡ್ರಿ. ಯಾವಾಗ ಹೋದ್ರು?"

"ಯಾರ್ರೀ?"

"ಅದು ಗೊತ್ತಿಲ್ರಿ. ಪೆಂಡಾಲ ನೋಡಿ ಬಂದೀನಿ."

ಅವರ ಹಿಂದೆ ತಲೆ ಮೇಲೆ ಸೆರಗು ಹೊದ್ದ ಹೆಂಗಸರ ಗುಂಪು. ಮಹಾದೇವಿ ಹೊರಬಂದಳು. ನಾವಿಬ್ಬರೂ ಜೀವಂತವಾಗಿರುವುದನ್ನು ಕಂಡು ಬಂದವರಿಗೆ ತುಸು ನಿರಾಶೆಯೇ ಆಯಿತು.

"ಇನ್ನಾ ಯಾರೂ ಹೋಗಿಲ್ರಿ! ಗಿಡಕ್ಕ ಹಾಕಸ್ಯಾರ!"

ಶರಣಪ್ಪನವರು ಮೇಲಿನ ಬಟ್ಟೆ ನೋಡಿದರು, ರಸ್ತೆಯ ಬಿಸಿಲು ನೋಡಿದರು. "ತಂಪ ಚೊಲೋ ಅದ ಬಿಡ್ರಿ," ಎಂದು ಕುಳಿತೇಬಿಟ್ಟರು. ಎಲ್ಲರೂ ಕುಳಿತರು. ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಲಾದೀತೆ? ನಾನು ಒಳಗೆ ಚಹಾ ಕುದಿಸಿಯೇ ಕುದಿಸಿದೆ. ಹೊರಗೆ ಅವರು, ಕಾಲು ಚಾಚಲು ಅಡ್ಡವಾಯಿತೆಂದು ಕುಂಡವನ್ನು ಎತ್ತಿ ಬಿಸಿಲಲ್ಲಿಟ್ಟಿದ್ದರು.

ನಾನು ತಟ್ಟೆ ಹಿಡಿದು ಬರುವಷ್ಟರಲ್ಲಿ ಗಿಡ ಸುಟ್ಟ ಹಪ್ಪಳವಾಗಿತ್ತು. ಶರಣಪ್ಪನವರು ಒಂದು ಎಲೆ ಮುಟ್ಟಿದರು. ಪುಡಿಯಾಯಿತು.

ಮಹಾದೇವಿ ಸಭೆಗೆ ತಿಳಿಸಿದಳು: "ಈಗ ಹೋತ್ರಿ!"

ಮರುದಿನವೇ ಒಗೆಯುವ ಕಲ್ಲು ಬಂತು. ಪೆಂಡಾಲು ಬಿಚ್ಚಲು ಓಣಿಯವರು ಬಿಡಲಿಲ್ಲ. ನೆರಳಲ್ಲಿ ಕಲ್ಲಿಗೆ ಜಾಗವೂ ಇರಲಿಲ್ಲ. ನಾನು ಬಿಸಿಲಲ್ಲೇ ಕುಕ್ಕರಗಾಲಲ್ಲಿ ಕುಳಿತು ಒಗೆಯತೊಡಗಿದೆ.

"ಕಾಲರ್ ಚೊಲೋ ತಿಕ್ರಿ, ಸಾಹೇಬ್ರ!" ನೆರಳಿನಿಂದ ಶರಣಪ್ಪನವರು ಕೂಗಿದರು.

ತಿಕ್ಕಿದೆ. ಅಂಗಿ ಅವರದೇ ಆಗಿತ್ತು.