‘ನಾನು ಸಾಹೇಬನಾಗಿದ್ದರೆ’ ಎಂಬ ಇಂಗ್ಲಿಷ್ ವಾಕ್ಯಗಳ ಹತೋಟಿ ಕುರಿತು

ಕಚೇರಿ: ಶಿಕ್ಷಣ ಇಲಾಖೆ, ರಾಯಚೂರು
ಸಂಖ್ಯೆ: ಇಫ್/ಕಲ್ಪನೆ/43/1978-79
ದಿನಾಂಕ: 5-4-1979

ಸುತ್ತೋಲೆ

ವಿಷಯ: ಪ್ರೌಢಶಾಲೆಗಳ ಇಂಗ್ಲಿಷ್ ತರಗತಿಗಳಲ್ಲಿ, ಇಲ್ಲದ ಸಂಗತಿಗಳನ್ನು ಇದ್ದಂತೆ ಊಹಿಸಿ ವಾಕ್ಯ ರಚಿಸುತ್ತಿರುವ ಬಗ್ಗೆ.

ಉಲ್ಲೇಖ:
(1) ದೇವದುರ್ಗ ತಾಲೂಕಿನ ಒಂದು ಪ್ರೌಢಶಾಲೆಯ ಹತ್ತನೆಯ ತರಗತಿಯ ನಲವತ್ತಮೂರು ಉತ್ತರಪತ್ರಿಕೆಗಳು.
(2) ಅವುಗಳ ಮೇಲೆ ಈ ಕಚೇರಿ ಹೊರಡಿಸಿದ ನಲವತ್ತಮೂರು ಆದೇಶಗಳು.
(3) ಸದರಿ ಆದೇಶಗಳ ಬಗ್ಗೆ ಮೇಲಿನವರು ಬರೆದು ಕೇಳಿದ ಒಂದೇ ಪ್ರಶ್ನೆ: ‘ಏನಿದು?’

ಪೀಠಿಕೆ:

ಉಲ್ಲೇಖಿತ ಶಾಲೆಯ ಇಂಗ್ಲಿಷ್ ಶಿಕ್ಷಕರಾದ ಶ್ರೀ ಹನುಮಂತ್ರಾಯ ಇವರು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ಇಫ್ ಐ ವರ್’ ಎಂದು ಆರಂಭವಾಗುವ, ಅಂದರೆ ‘ನಾನು ಇಂಥವನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎಂಬರ್ಥದ ಒಂದು ವಾಕ್ಯವನ್ನು ಪ್ರತಿ ವಿದ್ಯಾರ್ಥಿಯಿಂದ ಬರೆಸಿ, ಉತ್ತರಪತ್ರಿಕೆಗಳ ಕಟ್ಟನ್ನು ಪರಿಶೀಲನೆಗಾಗಿ ಈ ಕಚೇರಿಗೆ ಕಳುಹಿಸಿರುತ್ತಾರೆ. ಟಪಾಲು ಶಾಖೆಯ ಗುಮಾಸ್ತರಾದ ಶ್ರೀ ಸೈಫುದ್ದೀನ್ ಇವರು ಕಟ್ಟನ್ನು ಬಿಚ್ಚಿ, ಪ್ರತಿ ಹಾಳೆಗೂ ನಂಬರು ಹಾಕಿ, ‘ತುರ್ತು’ ಎಂಬ ಕೆಂಪು ಚೀಟಿ ಹಚ್ಚಿರುತ್ತಾರೆ. ಈ ಬಗ್ಗೆ ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ನಿಜಾಮರ ಕಾಲದಾಗ ಮ್ಯಾಲಿಂದ ಬರೋ ಕಾಗದ ಉರ್ದುದಾಗ ಇರ್ತಿತ್ರಿ, ಈಗ ಇಂಗ್ಲಿಷಿನಾಗ ಇರ್ತದ. ನಮಗ ಓದಾಕ ಬರಲಾರದ್ದು ಅಂದ್ರ ಅದು ಮ್ಯಾಲಿಂದಾ ಬಂದದ್ದು. ಮೂವತ್ತೆರಡು ವರ್ಷದಿಂದ ಹಿಂಗಾ ಚೀಟಿ ಹಚ್ಚಾಕತ್ತೀನಿ. ಒಂದು ಸಲಾನೂ ಯಾರೂ ಬ್ಯಾಡ ಅಂದಿಲ್ಲ.”

ಕೆಂಪು ಚೀಟಿ ಹಚ್ಚಿದ ಕಾಗದವನ್ನು ಏಕೆ, ಯಾರು ಎಂದು ಪ್ರಶ್ನಿಸುವ ಪದ್ಧತಿ ಈ ಕಚೇರಿಯಲ್ಲಿ ಇರುವುದಿಲ್ಲ. ಹದಿನೈದು ದಿನಗಳೊಳಗೆ ಅದರಂತೆ ನಡೆಯುವ ಪದ್ಧತಿ ಇರುತ್ತದೆ. ಆ ಪ್ರಕಾರ ನಡೆಯಲಾಗಿದೆ.

ಪರಿಣಾಮವಾಗಿ, ಕುಮಾರಿ ವಾಹಿದಾ ಎಂಬ ವಿದ್ಯಾರ್ಥಿನಿ ‘ನಾನು ಹೆಡ್‌ಮಾಸ್ತರಾಗಿದ್ದರೆ ಸಂತೆಯ ದಿನ ರಜೆ ಕೊಡುತ್ತಿದ್ದೆ’ ಎಂದು ಬರೆದದ್ದಕ್ಕೆ ರಜೆ ಮಂಜೂರಾಗಿದ್ದು, ‘ಶಾಲೆ ಬಂದ್, ಸಂತೆ ಚಾಲೂ’ ಎಂದು ಮುಖ್ಯೋಪಾಧ್ಯಾಯರಿಂದ ಪಾಲನಾ ವರದಿಯೂ ಬಂದಿದೆ. ‘ನಾನು ಹಕ್ಕಿಯಾಗಿದ್ದರೆ ಹೈದರಾಬಾದಿಗೆ ಹಾರುತ್ತಿದ್ದೆ’ ಎಂದ ಮೂಕಪ್ಪನಿಗೆ, ಪ್ರವಾಸದ ಉದ್ದೇಶವೇನು, ಯಾರ ಪೂರ್ವಾನುಮತಿ ಪಡೆಯಲಾಗಿದೆ ಎಂದು ಕೇಳಿ ಎರಡು ನೆನಪೋಲೆ ಕಳುಹಿಸಲಾಗಿದೆ. ಹಕ್ಕಿಯಿಂದ ಉತ್ತರ ಬಂದಿರುವುದಿಲ್ಲ.

ಇವೆಲ್ಲ ಹೇಗೋ ಸರಿಹೋಗುವಂಥವು. ಸರಿಹೋಗದೆ ಉಳಿದಿರುವುದು ಹಾಳೆ ಸಂಖ್ಯೆ 29 ಮಾತ್ರ. ಕುರಿ ಸಾಕುವ ಬೂದೆಪ್ಪನ ಮಗಳು ಕುಮಾರಿ ಜಂಬಮ್ಮ ಅದರಲ್ಲಿ ಹೀಗೆ ಬರೆದಿರುತ್ತಾಳೆ: ‘ನಾನು ಸಾಹೇಬನಾಗಿದ್ದರೆ ಹೆಣ್ಣುಮಕ್ಕಳ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ದೇವದುರ್ಗಕ್ಕೆ ತರುತ್ತಿದ್ದೆ.’ ದೇವದುರ್ಗದಲ್ಲಿ ಬೆಂಚು ಸಾಲದೆಂಬ ಕಾರಣಕ್ಕೆ ಅಲ್ಲಿಯ ಹುಡುಗಿಯರು ರಾಯಚೂರಿಗೆ ಬಂದು, ವಾರಗಟ್ಟಲೆ ಉಳಿದು ಪರೀಕ್ಷೆ ಬರೆಯಬೇಕಾಗಿತ್ತು. ಕೆಂಪು ಚೀಟಿಯ ಪ್ರಕಾರ ದೇವದುರ್ಗಕ್ಕೆ ಕೇಂದ್ರ ಮಂಜೂರಾಯಿತು. ಹದಿನೇಳು ಹುಡುಗಿಯರ ಪ್ರವೇಶಪತ್ರಗಳು ಅಚ್ಚಾದವು. ಅಲ್ಲಿಯತನಕ ಸಾಲದಿದ್ದ ಬೆಂಚುಗಳು ಎಲ್ಲಿದ್ದವೋ, ಬಂದವು.

ಇಂತಹ ಅನಾಹುತ ಮರುಕಳಿಸದಂತೆ ಕೆಳಕಂಡ ನಿಯಮಗಳನ್ನು ಈ ಮೂಲಕ ಜಾರಿಗೊಳಿಸಲಾಗಿದೆ.

1. ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿ ತಾಲೂಕುಗಳಲ್ಲಿ ಯಾವ ವಿದ್ಯಾರ್ಥಿಯೂ ತನ್ನನ್ನು ದ್ವಿತೀಯ ದರ್ಜೆ ಗುಮಾಸ್ತನ ಹುದ್ದೆಗಿಂತ ಮೇಲೆ ಊಹಿಸಿಕೊಳ್ಳತಕ್ಕದ್ದಲ್ಲ. ಸಾಹೇಬರಾಗಬಯಸುವವರು ಹಂತ ಹಂತವಾಗಿ ಊಹಿಸಿಕೊಳ್ಳುವುದು.

2. ಹಕ್ಕಿಯಾಗುವವರು ಗುಬ್ಬಿ, ಕಾಗೆ, ಬೆಳ್ಳಕ್ಕಿಗಳಿಗೆ ಸೀಮಿತರಾಗಿರತಕ್ಕದ್ದು. ಹದ್ದು ಗೆಜೆಟೆಡ್ ದರ್ಜೆಯದೆಂದು ಪರಿಗಣಿಸಲಾಗಿದೆ. ಹಾರಾಟ ತಾಲೂಕಿನ ಗಡಿ ದಾಟಬಾರದು. ದಾಟಲೇಬೇಕಾದಲ್ಲಿ ಎರಡೂ ತಾಲೂಕುಗಳ ಒಪ್ಪಿಗೆ ಅಗತ್ಯ.

3. ಊಹಿಸಲಾಗುವ ಸಂಗತಿ ನಿಜಕ್ಕೂ ಇಲ್ಲವೆಂಬುದಕ್ಕೆ ‘ಇಲ್ಲ ಪ್ರಮಾಣಪತ್ರ’ವನ್ನು ಶಿಕ್ಷಕರು ಮುಂಚಿತವಾಗಿ ಪಡೆದು ಲಗತ್ತಿಸತಕ್ಕದ್ದು. ಪ್ರಾಯೋಗಿಕವಾಗಿ ಮಾನ್ವಿಯಿಂದ ಇಂತಹ ಪಟ್ಟಿ ತರಿಸಿಕೊಂಡಾಗ ಅದು ಹನ್ನೊಂದು ಪುಟಗಳಷ್ಟಿತ್ತು. ಕುಡಿಯುವ ನೀರಿನ ನಳ, ಲೇಡಿ ಡಾಕ್ಟರು, ಮಧ್ಯಾಹ್ನದ ಬಸ್ಸು, ಎಂಟನೆಯ ತರಗತಿ ಕೊಠಡಿಯ ಚಾವಣಿ ಇತ್ಯಾದಿ. ಇದನ್ನು ಓದಿದ ಇತರ ಇಲಾಖೆಗಳ ಮನಸ್ಸಿಗೆ ನೋವಾಗಿದ್ದು, ಇನ್ನು ಮುಂದೆ ‘ಇಲ್ಲ’ಗಳನ್ನು ಶಾಲೆಯೊಂದಕ್ಕೆ ಐದಕ್ಕೆ ಮಿತಿಗೊಳಿಸಲಾಗಿದೆ. ಆರನೆಯದು ಇದೆಯೆಂದೇ ಭಾವಿಸುವುದು.

4. ಒಂದು ವರ್ಷದ ಕಲ್ಪನೆಗಳು ಮಾರ್ಚ್ 31ಕ್ಕೆ ತಾವಾಗಿಯೇ ರದ್ದಾಗುತ್ತವೆ. ಮುಂದಿನ ತರಗತಿಗೆ ಹೋಗುವ ವಿದ್ಯಾರ್ಥಿ ಹಳೆಯದನ್ನು ಒಯ್ಯದೆ ಹೊಸದಾಗಿ ಊಹಿಸಿಕೊಳ್ಳತಕ್ಕದ್ದು.

5. ಶ್ರೀ ಹನುಮಂತ್ರಾಯ ಇವರಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿ, ಇಲ್ಲದ್ದನ್ನು ಇದ್ದಂತೆ ಕಲಿಸಿದ್ದೇಕೆ ಎಂಬುದಕ್ಕೆ ಅವರು ಕೊಟ್ಟ ಉತ್ತರ: “ಹೊಂಡ ಬತ್ತಿದ ಊರಾಗ ಈಜು ಕಲಿಸಬೇಕಂದ್ರ, ನೀರು ಅದ ಅಂತ ತಿಳಕೊಂಡಾ ಕೈಕಾಲು ಬಡಿಸಬೇಕಾಗ್ತದ್ರಿ.” ಸದರಿ ಉತ್ತರ ಅರ್ಥವಾದರೂ ಒಪ್ಪತಕ್ಕದ್ದಲ್ಲವೆಂದು ತೀರ್ಮಾನಿಸಲಾಗಿದೆ.

6. ಕಚೇರಿ ಸಿಬ್ಬಂದಿ ಚಹಾದಂಗಡಿಯಲ್ಲಿ ಕುಳಿತು ‘ನಾನಾಗಿದ್ದರೆ’ ಎಂದು ಆರಂಭಿಸುವುದನ್ನು ನಿಷೇಧಿಸಲಾಗಿದೆ. ಈ ನಿಯಮ ಪಾಲಿಸಲು ಸಾಧ್ಯವಿಲ್ಲವೆಂದು ಸಿಬ್ಬಂದಿ ಒಕ್ಕೊರಲಿನಿಂದ ತಿಳಿಸಿರುವುದರಿಂದ, ಎರಡನೆಯ ಕಪ್ಪಿನ ನಂತರ ಸಡಿಲಿಕೆ ನೀಡಲಾಗಿದೆ.

7. ಉಲ್ಲೇಖ (3)ರ ಪ್ರಶ್ನೆಯ ಮೇರೆಗೆ ದೇವದುರ್ಗ ಕೇಂದ್ರದ ರದ್ದತಿ ಬಗ್ಗೆ. ಕೇಂದ್ರ ರದ್ದಾಗಬೇಕಾದರೆ ಅರ್ಜಿದಾರಳಾದ ಕುಮಾರಿ ಜಂಬಮ್ಮ ತನ್ನ ಅರ್ಜಿಯನ್ನು ಬರಹದಲ್ಲಿ ಹಿಂದಕ್ಕೆ ಪಡೆಯಬೇಕು. ಇದಕ್ಕಾಗಿ ಕಳೆದ ತಿಂಗಳು ಶಿಪಾಯಿ ಶ್ರೀ ಅಯ್ಯಣ್ಣ ಇವರನ್ನು ಆಕೆಯ ಮನೆಗೆ ಕಳುಹಿಸಲಾಗಿತ್ತು. ತಂದೆ ಬೂದೆಪ್ಪನ ಹೇಳಿಕೆ:

“ರಾಯಚೂರಿಗಿ ನಾ ಕಳಸಂಗಿಲ್ಲ ಅಂತ ಮೊದಲಾ ಹೇಳಿದ್ದೆರಿ. ಅಲ್ಲಿ ನಮಗ ಯಾರದಾರ? ಪರೀಕ್ಷಿ ಬ್ಯಾಡ, ಲಗ್ನ ಮಾಡಿಬಿಡಮು ಅಂತ ಮಾತು ಮುಗಿಸಿದ್ವಿ. ಈಗ ದೇವದುರ್ಗಾ ಅಂದ್ರ ನಾನಾ ಕರಕೊಂಡು ಹೋಗಿ, ಬಿಡೋತನಕ ಕುಂತು, ಕರಕೊಂಡು ಬರ್ತೀನಿ. ಕುರಿ ಕಾಯೋನಿಗಿ ಕುಂದ್ರೋದೇನು ದೊಡ್ಡದ್ರಿ? ನೀವು ಇದನ್ನ ಕಸಗೊಂಡ್ರ ಆಕಿ ಓದು ಅಲ್ಲಿಗಿ ಮುಗೀತು, ಯಪ್ಪಾ.”

ಅರ್ಜಿದಾರಳು ಒಳಗಿನಿಂದಲೇ, ತಾನು ಬರೆದದ್ದು ಅರ್ಜಿಯಲ್ಲ, ಉತ್ತರ, ಅದಕ್ಕೆ ಮಾಸ್ತರರು ಎರಡಕ್ಕೆ ಎರಡು ಅಂಕ ಕೊಟ್ಟಿದ್ದಾರೆ, ಹಿಂದಕ್ಕೆ ಪಡೆದರೆ ಅಂಕ ಹೋಗುತ್ತವೆ ಎಂದು ತಿಳಿಸಿರುತ್ತಾಳೆ. ಶಿಪಾಯಿಯವರು ಮಜ್ಜಿಗೆ ಕುಡಿದು ಮರಳಿರುತ್ತಾರೆ.

8. ತರುವಾಯ ಈ ತಿಂಗಳ 4ರಂದು, ಅಂದರೆ ನಿನ್ನೆ, ಅರ್ಜಿಯನ್ನು ಹಿಂದಕ್ಕೆ ಪಡೆಯುವಂತೆ ಅರ್ಜಿದಾರಳಿಗೆ ನೋಟಿಸನ್ನು ಖುದ್ದಾಗಿ ಜಾರಿ ಮಾಡಲು ಅದೇ ಶಿಪಾಯಿಯವರನ್ನು ದೇವದುರ್ಗ ಕೇಂದ್ರಕ್ಕೆ ಕಳುಹಿಸಲಾಯಿತು. ಒಳಗೆ ಇಂಗ್ಲಿಷ್ ಪತ್ರಿಕೆ ನಡೆದಿತ್ತು. ನೋಟಿಸ್ ಹಿಡಿದು ಬಾಗಿಲು ದಾಟುತ್ತಿದ್ದ ಶಿಪಾಯಿಯವರನ್ನು ಕೊಠಡಿ ಮೇಲ್ವಿಚಾರಕರಾದ ಶ್ರೀ ಕನಕರಾಯ ಇವರು ತಡೆದು, ಪರೀಕ್ಷೆ ಬರೆಯುವವರಿಗೆ ಹೊರಗಿನಿಂದ ಯಾವುದೇ ಚೀಟಿ ಕೊಡುವುದು ನಕಲು ಎನಿಸುತ್ತದೆಂದು ತಿಳಿಸಿ, ನೋಟಿಸನ್ನು ಕಿತ್ತುಕೊಂಡು, ‘ಜಪ್ತಿ ಮಾಡಿದ ನಕಲು ಚೀಟಿಗಳು’ ಎಂಬ ಲಕೋಟೆಯಲ್ಲಿ ಹಾಕಿ ಅರಗು ಹಚ್ಚಿರುತ್ತಾರೆ. ಅದು ಇಂಗ್ಲಿಷಿನಲ್ಲಿದ್ದುದರಿಂದ ಅವರ ಅನುಮಾನ ಮತ್ತಷ್ಟು ಬಲವಾಯಿತೆಂದು ವರದಿಯಾಗಿದೆ. ನಕಲು ಚೀಟಿಯ ಈ ನಿಯಮವನ್ನು ಹೊರಡಿಸಿದ್ದು ಇದೇ ಕಚೇರಿಯಾದ್ದರಿಂದ ಅವರ ಮೇಲೆ ಕ್ರಮಕ್ಕೆ ಅವಕಾಶವಿರುವುದಿಲ್ಲ.

9. ಇನ್ನುಳಿದಿರುವುದು ಅಧಿಕಾರಿಗಳು ಸ್ವತಃ ಕೇಂದ್ರವನ್ನು ರದ್ದುಪಡಿಸುವ ಮಾರ್ಗ. ಅಧಿಕಾರಿಗಳು ವರ್ಗವಾಗಿ ಹೋಗಿದ್ದು, ಕೆಳಗೆ ಸಹಿ ಮಾಡಿದವನು ಪ್ರಭಾರದಲ್ಲಿ ಮಾತ್ರ ಇರುತ್ತಾನೆ. ಪ್ರಭಾರಿಗೆ ಕೇಂದ್ರ ರದ್ದುಪಡಿಸುವ ಅಧಿಕಾರವಿಲ್ಲ. ನಾನು ನಿಜವಾದ ಸಾಹೇಬನಾಗಿದ್ದರೆ ಇಷ್ಟೊತ್ತಿಗೆ ರದ್ದುಪಡಿಸುತ್ತಿದ್ದೆ. ಈ ವಾಕ್ಯ ನಿಯಮ 1ರ ಆಶಯದ ಉಲ್ಲಂಘನೆಯೆಂಬುದು ಗಮನಕ್ಕೆ ಬಂದಿದ್ದು, ಅದರ ಬಗ್ಗೆ ನನಗೆ ನಾನೇ ನೋಟಿಸ್ ಕೊಟ್ಟುಕೊಳ್ಳಲಾಗಿದೆ.

10. ಆದಕಾರಣ, ಹದಿನೇಳು ಹುಡುಗಿಯರು ಉಳಿದ ಪತ್ರಿಕೆಗಳನ್ನು ದೇವದುರ್ಗದಲ್ಲಿಯೇ ಬರೆದು ಮುಗಿಸತಕ್ಕದ್ದು. ಈ ಬಗ್ಗೆ ಕಚೇರಿಗೆ ತೀವ್ರ ವಿಷಾದವಿದೆ. ಪ್ರಭಾರಿಗೆ ಸಂತೋಷಪಡುವ ಅಧಿಕಾರವೂ ಇರುವುದಿಲ್ಲ, ಆದಾಗ್ಯೂ ಸಂತೋಷವಾಗಿದೆ.

(ಸಹಿ)
ಈರಯ್ಯ
ಪ್ರಭಾರ ಅಧಿಕಾರಿ
(ಸಾಹೇಬರು ಬರುವತನಕ)

ಪ್ರತಿಗಳು:

1. ನಿಯಮ 1ರಲ್ಲಿ ಹೇಳಿದ ಮೂರೂ ಕಡೆಯ ಎಲ್ಲ ಮುಖ್ಯೋಪಾಧ್ಯಾಯರಿಗೆ. ಸಂತೆಯ ದಿನ ಹೊರತುಪಡಿಸಿ ತಲುಪಿಸುವುದು.

2. ಶ್ರೀ ಸೈಫುದ್ದೀನ್, ಟಪಾಲು ಶಾಖೆ. ಇದು ಕನ್ನಡದಲ್ಲಿದೆ. ಕೆಂಪು ಚೀಟಿ ಬೇಡ.

3. ಮೂಕಪ್ಪ, ಹತ್ತನೆಯ ತರಗತಿ. ಮೂರನೆಯ ನೆನಪೋಲೆಯೊಂದಿಗೆ.

4. ಶ್ರೀ ಹನುಮಂತ್ರಾಯ. ಮುಂದಿನ ವರ್ಷದ ಪ್ರಶ್ನೆಯನ್ನು, ಸಾಧ್ಯವಾದರೆ, ಮಾನ್ವಿಯ ಹನ್ನೊಂದು ಪುಟ ನೋಡಿಕೊಂಡು ಬರೆಸುವುದು. ಉತ್ತರಗಳ ಕಟ್ಟನ್ನು ಎಂದಿನಂತೆ ಟಪಾಲು ಶಾಖೆಗೇ ಕಳುಹಿಸುವುದು.

5. ಶ್ರೀ ಬೂದೆಪ್ಪ, ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ, ಬೇವಿನ ಗಿಡದ ಕೆಳಗೆ. ಓದಲು ಬಾರದಿದ್ದಲ್ಲಿ ಮಗಳು ಹೊರಗೆ ಬರುವತನಕ ಕಾಯುವುದು. ಆಕೆ ಓದಿ ಹೇಳುತ್ತಾಳೆ.